ಒಂಬತ್ತು ಓರೆಗೋಲುಗಳು

ಗಂಟಕ್ಕನಿಗೆ ಆ ಹೆಸರು ಬಂದದ್ದು ಅವಳ ಕೈಯಿಂದ. ಆದರೆ ಅವಳನ್ನು ಹೊಸದಾಗಿ ಕಂಡವರೆಲ್ಲ ಮುಖದಿಂದ ಬಂದಿರಬೇಕು ಎಂದೇ ತಿಳಿಯುತ್ತಿದ್ದರು. ಹುಬ್ಬುಗಳ ನಡುವೆ ಸದಾ ಗಂಟು. ಬೆಳಗ್ಗೆ ಪೊರಕೆ ಹಿಡಿದು ನಮ್ಮ ಆಫೀಸಿನ ಬಾಗಿಲು ತಳ್ಳಿಕೊಂಡು ಬರುವಾಗಲೇ, ಬೀದಿಯಲ್ಲಿ ಯಾರ ಜೊತೆಗೋ ಜಗಳವನ್ನು ಅರ್ಧಕ್ಕೆ ನಿಲ್ಲಿಸಿ ಬಂದವಳಂತೆ ಕಾಣುತ್ತಿದ್ದಳು. ಕೆಲವು ದಿನ ನಿಲ್ಲಿಸಿಯೂ ಇರುತ್ತಿರಲಿಲ್ಲ. ಮೆಟ್ಟಿಲ ಮೇಲಿಂದಲೇ ಕೆಳಗಿನ ಟೈರ್ ಅಂಗಡಿಯವನಿಗೆ ಕೊನೆಯ ಮಾತು ಮುಟ್ಟಿಸಿ ಆಮೇಲೆ ಒಳಗೆ ಕಾಲಿಡುತ್ತಿದ್ದಳು.

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳು ನಮ್ಮ ಆಫೀಸು. ಐದು ಜನ ಸೇರಿ ಅಲ್ಲಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದೆವು. ಆಟ ಇಷ್ಟೇ: ಪರದೆಯ ಮೇಲೆ ಕೋಲುಗಳಿರುತ್ತವೆ, ಕೀಲುಗಳಿರುತ್ತವೆ. ಕೋಲಿಗೆ ಕೋಲು ಸೇರಿಸಿ ಗೋಪುರವನ್ನೋ ಸೇತುವೆಯನ್ನೋ ಕಟ್ಟಬೇಕು. ಕಟ್ಟಿ ಮುಗಿಸಿ ಗುಂಡಿ ಒತ್ತಿದರೆ ಭಾರ, ಗಾಳಿ ಎಲ್ಲಕ್ಕೂ ಜೀವ ಬರುತ್ತದೆ. ಬೆರಳುದ್ದದ ಗೊಂಬೆಗಳು ಸಾಲಾಗಿ ಹತ್ತಲು ಶುರುಮಾಡುತ್ತವೆ. ಹತ್ತು ಸೆಕೆಂಡು ನಿಂತರೆ ಗೆದ್ದ ಹಾಗೆ. ಎಷ್ಟು ಕಡಿಮೆ ಕೋಲು ಬಳಸಿದರೆ ಅಷ್ಟು ಹೆಚ್ಚು ನಕ್ಷತ್ರ. ಕುಸಿದರೆ ಗೊಂಬೆಗಳು ಚೀರುತ್ತಾ ಬೀಳುತ್ತವೆ, ಆಡುವವರು ನಗುತ್ತಾರೆ. ಆ ಚೀರು ನನ್ನದೇ ದನಿ. ಬಚ್ಚಲುಮನೆಯಲ್ಲಿ ಮೊಬೈಲ್ ಹಿಡಿದು "ಅಯ್ಯಯ್ಯೋ" ಎಂದು ಕೂಗಿಕೊಂಡು, ಅದರ ವೇಗ ಹೆಚ್ಚಿಸಿ ಇಲಿಮರಿಯ ದನಿ ಮಾಡಿದ್ದೆ. ನಮ್ಮ ಬಾಸ್‌ಗೆ ಅದನ್ನು ಎಷ್ಟು ಸಲ ಕೇಳಿದರೂ ಸಾಕಾಗುತ್ತಿರಲಿಲ್ಲ.

ಆಟದ ಒಂದೊಂದು ಹಂತವನ್ನೂ ಯೋಚಿಸಿ ಸಿದ್ಧಮಾಡುವುದು ನನ್ನ ಕೆಲಸ. ಒಂದು ಬೆಳಗ್ಗೆ ಕೂತು ಒಂದೇ ಗೋಪುರವನ್ನು ಬೀಳಿಸಿ ಬೀಳಿಸಿ ನೋಡುತ್ತಿದ್ದೆ. ಮೂವತ್ತು ಸಲವಾದರೂ ಬಿದ್ದಿರಬೇಕು. ಗಂಟಕ್ಕ ಕಿಟಕಿಯ ಪಕ್ಕ ನೆಲ ಒರೆಸುತ್ತಿದ್ದಳು. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ನನ್ನ ಬೆನ್ನ ಹಿಂದೆ ಬಂದು ನಿಂತಳು.

"ಅದನ್ನ ನಿಲ್ಲಿಸು."

"ಏನನ್ನ ಅಕ್ಕಾ?"

"ಆ ಕೂಗು."

ಇದು ಆಟ, ಅವು ಗೊಂಬೆಗಳು ಎಂದೆ.

"ಬೀಳೋರು ಕೂಗಲ್ಲ," ಎಂದಳು. "ಅವರಿಗೆ ಅಷ್ಟು ಹೊತ್ತು ಎಲ್ಲಿರುತ್ತೆ. ನೋಡ್ತಾ ನಿಂತೋರು ಕೂಗ್ತಾರೆ."

ನಾನು ದನಿ ನಿಲ್ಲಿಸಿದೆ. ಅವಳು ಹೋಗಲಿಲ್ಲ. ಪರದೆಯ ಮೇಲಿನ ಗೋಪುರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ.

"ಇದನ್ನ ಕಟ್ಟಿದ್ದು ಯಾರು?"

"ನಾನೇ."

"ಓರೆಗೋಲು ಎಲ್ಲಿ?"

ನೇರ ಕೋಲು, ಅಡ್ಡ ಕೋಲು ಎರಡೇ ಇದ್ದರೆ ಚೌಕ ಒಂದು ಕಡೆಗೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇನ್ನೊಂದು ಕೋಲು ಕೊಟ್ಟರೆ ವಾಲುವುದಿಲ್ಲ. ಇದು ನನಗೂ ಗೊತ್ತಿದ್ದ ವಿಷಯ. ಓರೆಗೋಲು ಹಾಕಿದರೆ ಎಣಿಕೆ ಹೆಚ್ಚುತ್ತದೆ, ನಕ್ಷತ್ರ ಕಡಿಮೆಯಾಗುತ್ತದೆ, ಹೇಗಿದ್ದರೂ ಹತ್ತು ಸೆಕೆಂಡು ನಿಂತರೆ ಸಾಕಲ್ಲ ಎಂದು ವಿವರಿಸಿದೆ.

"ಹತ್ತು ಸೆಕೆಂಡ್ ಆದ್ಮೇಲೆ?"

"ಆಮೇಲೆ ಹಂತ ಮುಗೀತು."

"ಮುಗೀತು. ಹತ್ತಿದ ಗೊಂಬೆಗಳು ಎಲ್ಲಿಗೆ ಹೋದ್ವು?"

ಅವಳು ಬಕೆಟ್ ಎತ್ತಿಕೊಂಡು ಹೊರಟುಹೋದಳು. ಬಾಗಿಲು ಬಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಓಲಾಡಿತು.

ಮರುದಿನ ಊಟದ ಬಿಡುವಿನಲ್ಲಿ ಅವಳೇ ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡಳು. "ನಾನು ಕಟ್ಟಿ ತೋರಿಸ್ತೀನಿ, ಇದನ್ನ ಹೆಂಗೆ ಒತ್ತೋದು ಹೇಳು," ಎಂದಳು. ಮೌಸ್ ಹಿಡಿಯುವುದು ಅವಳಿಗೆ ಎರಡು ದಿನದ ಕೆಲಸವಾಯಿತು. ಮೂರನೆಯ ದಿನ ಹನ್ನೆರಡನೇ ಹಂತಕ್ಕೆ ಬಂದಳು. ಅದು ಬಿರುಗಾಳಿಯ ಹಂತ. ಆಡಿ ನೋಡಲೆಂದು ನಾವು ಹೊರಗಿನಿಂದ ಕರೆಸಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗೂ ದಕ್ಕಿರಲಿಲ್ಲ. ಗಂಟಕ್ಕನ ಗೋಪುರ ಮೊದಲ ಸಲಕ್ಕೇ ನಿಂತಿತು. ಗಾಳಿ ಬೀಸಿದಷ್ಟೂ ನೆಲಕ್ಕೆ ಬೇರು ಬಿಟ್ಟಂತೆ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಪರದೆಯ ಮೇಲೆ ಮೂರರಲ್ಲಿ ಒಂದೇ ನಕ್ಷತ್ರ ಬೆಳಗಿತು. ಕೆಳಗೆ ಒಂದು ಸಾಲು: "ಇನ್ನೂ ಕಡಿಮೆಯಲ್ಲಿ ಮುಗಿಸಬಹುದಿತ್ತು."

ಆ ಸಾಲು ಬರೆದವಳೂ ನಾನೇ.

ಗಂಟಕ್ಕ ಅದನ್ನು ಓದಿದಳು. ಕಿವಿಗಳು ಕೆಂಪಾದವು. ಎದ್ದು ನೇರವಾಗಿ ಬಾಸ್ ಕೋಣೆಗೆ ನಡೆದಳು. ನಾನು ಹಿಂದೆ ಓಡಿದೆ.

"ಕಡಿಮೆ ಹಾಕಿದ್ರೆ ಬಹುಮಾನ ಕೊಡೋದು ಯಾರ ಬುದ್ಧಿ?" ಎಂದು ಕೇಳಿದಳು.

ಬಾಸ್ ಮೂವತ್ತೈದರವರು, ಸಿಟ್ಟು ಮಾಡುವವರಲ್ಲ. ನಗುತ್ತಲೇ ಹೇಳಿದರು: "ಅದೇ ಆಟದ ಸ್ವಾರಸ್ಯ ಅಮ್ಮಾ. ಹೆಚ್ಚು ಹಾಕಿದ್ರೆ ಯಾರು ಬೇಕಾದ್ರೂ ಕಟ್ತಾರೆ. ಕಡಿಮೆಯಲ್ಲಿ ಕಟ್ಟೋದು ಬುದ್ಧಿವಂತಿಕೆ."

"ಬುದ್ಧಿವಂತರು ಕಟ್ಟಿದ್ದರ ಮೇಲೆ ಯಾವತ್ತಾದ್ರೂ ನಿಂತಿದೀರಾ?"

"ಇದು ಬರೀ ಆಟ."

"ಅವರೂ ಹಂಗೇ ಅಂದ್ಕೊಂಡಿದ್ರು," ಎಂದಳು ಗಂಟಕ್ಕ. ಅವರು ಎಂದರೆ ಯಾರೆಂದು ಬಾಸ್ ಕೇಳಲಿಲ್ಲ. ಅವಳು ಹೋದ ಮೇಲೆ, ಬೇರೆ ಯಾರನ್ನಾದರೂ ಕೆಲಸಕ್ಕೆ ನೋಡೋಣವೇ ಎಂದು ನನ್ನನ್ನು ಕೇಳಿದರು. ಹನ್ನೆರಡನೇ ಹಂತ ಗೆದ್ದವಳು ಅವಳೊಬ್ಬಳೇ ಎಂದೆ. ಆ ಯೋಚನೆ ಕೈಬಿಟ್ಟರು.

ಅಂದು ಸಂಜೆ ಮೆಟ್ಟಿಲ ಮೇಲೆ ಕೂತು ಅವಳು ತನ್ನ ಕಥೆ ಹೇಳಿದಳು. ಹೇಳಿದಳು ಎನ್ನುವುದಕ್ಕಿಂತ ಬೈದಳು ಎನ್ನಬೇಕು. ಅವಳಿಗೆ ಬೈಯದೆ ಏನನ್ನೂ ಹೇಳಲು ಬರುತ್ತಿರಲಿಲ್ಲ.

ಅವಳ ಅಪ್ಪ ಸಾರುವೆ ಕಟ್ಟುವ ಮೇಸ್ತ್ರಿ. ಕಟ್ಟಡ ಏಳುವಾಗ ಅದರ ಸುತ್ತ ಬಿದಿರು, ಹಗ್ಗಗಳಿಂದ ಎದ್ದು ನಿಲ್ಲುತ್ತದಲ್ಲ, ಕೆಲಸಗಾರರು ನಿಂತು ಗೋಡೆ ಕಟ್ಟುವ ಆ ಅಟ್ಟಣೆಗೆ ಸಾರುವೆ ಎನ್ನುತ್ತಾರೆ. ಇಬ್ಬರೇ ಮಕ್ಕಳು. ತಮ್ಮ ಎಂಟು ವರ್ಷ ಚಿಕ್ಕವನು. ಅವನು ದೊಡ್ಡವನಾಗುವ ತನಕ ಕಾಯುವ ತಾಳ್ಮೆ ಅಪ್ಪನಿಗಿರಲಿಲ್ಲ. ಮಗಳ ಕೈಗೇ ಹಗ್ಗ ಕೊಟ್ಟ. ಹದಿನಾರಕ್ಕೆ ಮೊದಲ ಅಂತಸ್ತು ಹತ್ತಿದಳು. ಇಪ್ಪತ್ತಕ್ಕೆ ಅವಳು ಹಾಕಿದ ಗಂಟನ್ನು ಅಪ್ಪ ಪರೀಕ್ಷಿಸುವುದನ್ನೇ ಬಿಟ್ಟ. ನಡುವೆ ಒಂದು ಮದುವೆಯೂ ಆಗಿತ್ತು. ಎರಡೇ ವರ್ಷಕ್ಕೆ ಬಿಟ್ಟುಬಂದಳು. ಯಾಕೆಂದು ಕೇಳಿದ್ದಕ್ಕೆ, "ಅವನಿಗೆ ಎತ್ತರ ಅಂದ್ರೆ ಭಯ," ಎಂದಳು.

ಅವಳಿಗೆ ಮೂವತ್ತಾರು ಆಗಿದ್ದಾಗ ಏಳಂತಸ್ತಿನ ಒಂದು ಕಟ್ಟಡಕ್ಕೆ ಸಾರುವೆ ಕಟ್ಟಿದರು. ಎಡಗೋಡೆಯದು ಪೂರ್ತಿ ಗಂಟಕ್ಕನ ಕೈಕೆಲಸ. ಅದು ಮುಗಿದ ಮೇಲೆ ಅಪ್ಪ ಅವಳನ್ನು ಮುಂಗೋಡೆಗೆ ಕಳಿಸಿದ. ಎಡಗೋಡೆಯ ಸಾರುವೆಯ ಮೇಲೆ ತಮ್ಮನೂ ಇನ್ನಿಬ್ಬರೂ ಕಲ್ಲಿನ ಹಲಗೆ ಕೂರಿಸುತ್ತಿದ್ದರು. ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಆ ಸಾರುವೆ ಕುಸಿಯಿತು. ಜೊತೆಗಿದ್ದ ಇಬ್ಬರು ಬದುಕಿದರು. ತಮ್ಮ ಬದುಕಲಿಲ್ಲ. ಅವನಿಗೆ ಇಪ್ಪತ್ತೆಂಟು, ಮಗಳಿಗೆ ನಾಲ್ಕು ತಿಂಗಳು.

ವಿಚಾರಣೆ ನಡೆಯಿತು. ವರದಿ ಒಂದೇ ಸಾಲಿನದು: ಗಂಟು ಸಡಿಲವಾಗಿ ಜಾರಿದ್ದರಿಂದ ಸಾರುವೆ ಕುಸಿದಿದೆ.

ಗಂಟು ಅವಳದು. ಸಡಿಲವಾಗಿತ್ತೇ ಎಂದು ಅಧಿಕಾರಿಗಳು ಕೇಳಿದಾಗ, ಅವಳಿಗೆ ಕಲಿಸಿದ ಅಪ್ಪನೇ ಎಲ್ಲರೆದುರು, "ಹೌದು, ಜಾರಿತ್ತು, ನಾನು ನೋಡಿದೆ," ಎಂದ. ಅಲ್ಲಿಗೆ ಮುಗಿಯಿತು. ಯಾವ ಮೇಸ್ತ್ರಿಯೂ ಅವಳಿಗೆ ಮತ್ತೆ ಹಗ್ಗ ಕೊಡಲಿಲ್ಲ. ತಮ್ಮನ ಹೆಂಡತಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊಸಿಲಲ್ಲಿ ನಿಂತು, "ನನ್ನ ಗಂಡನ್ನ ನಿನ್ನ ಕೈ ತಿಂತು. ಈ ಮನೆಗೆ ಇನ್ನು ಬರಬೇಡ," ಎಂದಳು. ಅಪ್ಪ ಆ ಮನೆಯಲ್ಲೇ ಉಳಿದ.

"ಹದಿನಾಲ್ಕು ವರ್ಷ," ಎಂದಳು ಗಂಟಕ್ಕ. ಎರಡೂ ಅಂಗೈಗಳನ್ನು ನನ್ನ ಮುಖದ ಹತ್ತಿರ ಹಿಡಿದಳು. "ನೆಲ ಒರೆಸ್ವಾಗ, ಪಾತ್ರೆ ತೊಳೀವಾಗ, ಬಸ್ಸಲ್ಲಿ ಕಂಬ ಹಿಡ್ಕೊಂಡು ನಿಂತಾಗ, ಈ ಕೈ ಯಾವ ಗಂಟನ್ನ ಸಡಿಲ ಬಿಡ್ತು ಅಂತ ಹುಡುಕ್ತಾನೇ ಇದೀನಿ. ಒಂದೂ ಸಿಗಲ್ಲ. ಹಾಳಾದ್ದು ಒಂದೂ ನೆನಪಿಗೆ ಬರಲ್ಲ. ಎಲ್ಲಾನೂ ಬಿಗಿಯಾಗೇ ಇದ್ವು."

ನಮ್ಮ ಆಟದಲ್ಲಿ ಹಂತಗಳಿಲ್ಲದ ಖಾಲಿ ಮೈದಾನವೂ ಒಂದಿದೆ, ಅಲ್ಲಿ ಬೇಕಾದ್ದನ್ನು ಬೇಕಾದ ಹಾಗೆ ಕಟ್ಟಬಹುದು ಎಂದೆ. ಸಮಾಧಾನಕ್ಕೆ ಹೇಳಿದ ಮಾತು. ಅವಳು ತಲೆಯೆತ್ತಿದಳು.

ಮರುದಿನದಿಂದ ಊಟದ ಬಿಡುವು ಅವಳದಾಯಿತು. ಎಡಗೋಡೆಯ ಸಾರುವೆಯನ್ನು ಒಂದೊಂದು ಕೋಲಾಗಿ ನೆನಪಿನಿಂದ ಎಬ್ಬಿಸಿದಳು. ಕೋಲುಗಳ ನಡುವಿನ ಅಂತರವನ್ನು ತನ್ನ ತೋಳು ಚಾಚಿ ಅಳೆದು ಹೇಳುತ್ತಿದ್ದಳು, ನಾನು ಅಂಕಿಗೆ ಇಳಿಸುತ್ತಿದ್ದೆ. ಐದನೆಯ ಅಂತಸ್ತಿನಲ್ಲಿ ಕಲ್ಲಿನ ಹಲಗೆಗಳ ಭಾರ. ಅಂದಿನ ಗಾಳಿ ಎಷ್ಟಿತ್ತೆಂದು ಕೇಳಿದರೆ, "ತಲೆ ಮೇಲಿನ ಬಟ್ಟೆ ಹಾರ್ತಿರ್ಲಿಲ್ಲ, ಸೆರಗು ಹಾರ್ತಿತ್ತು," ಎಂದಳು. ಅದಕ್ಕೂ ಒಂದು ಅಂಕಿ ಹಾಕಿದೆ. ಗೊಂಬೆಗಳನ್ನು ಇಡಬೇಕೇ ಎಂದೆ. ಬೇಡ ಎಂದಳು.

ಏಳು ದಿನ ಹಿಡಿಯಿತು. ಎಂಟನೆಯ ದಿನ ಗುಂಡಿ ಒತ್ತಿದೆವು. ಸಾರುವೆ ನಿಂತಿತು. ಹತ್ತು ಸೆಕೆಂಡಲ್ಲ, ನಾವು ಊಟದ ಡಬ್ಬಿ ತೊಳೆದು ಬರುವ ತನಕವೂ ನಿಂತಿತ್ತು.

"ಈಗ ಗಂಟು ಬಿಚ್ಚು," ಎಂದಳು.

ಆಟದಲ್ಲಿ ಗಂಟೆಂದರೆ ಕೀಲು. ಒಂದು ಕೀಲನ್ನು ತೆಗೆದೆ. ಕೋಲು ಜೋತುಬಿತ್ತು, ಸಾರುವೆ ನಿಂತೇ ಇತ್ತು. ಅದನ್ನು ಹಾಕಿ ಇನ್ನೊಂದು ತೆಗೆದೆ. ಅವಳು ಪಟ್ಟಿ ಹಿಡಿದು ಕೂತಳು. ಮೂರು ದಿನದಲ್ಲಿ ಇನ್ನೂರ ಹದಿನಾಲ್ಕು ಕೀಲುಗಳನ್ನೂ ಒಂದೊಂದಾಗಿ ತೆಗೆದು ನೋಡಿದೆವು. ಆಮೇಲೆ ಎರಡೆರಡು, ಐದೈದು. ಅಲ್ಲಲ್ಲಿ ಕುಗ್ಗಿತು, ಒಂದು ಮೂಲೆ ಸೊಟ್ಟಗಾಯಿತು. ಇಡೀ ಸಾರುವೆ ಒಮ್ಮೆಯೂ ಕುಸಿಯಲಿಲ್ಲ. ಅವಳ ಮುಖ ದಿನದಿಂದ ದಿನಕ್ಕೆ ಕಪ್ಪಾಗುತ್ತಿತ್ತು. ಟೈರ್ ಅಂಗಡಿಯವನಿಗೂ ಈಗ ಬೈಗುಳ ಸಿಗುತ್ತಿರಲಿಲ್ಲ. ಅಕ್ಕನಿಗೆ ಮೈ ಸರಿ ಇಲ್ಲವೇ ಎಂದು ಅವನೇ ಬಂದು ವಿಚಾರಿಸಿದ.

"ಓರೆಗೋಲು ತೆಗಿ," ಎಂದಳು ಒಂದು ಮಧ್ಯಾಹ್ನ.

ಒಂದೊಂದೇ ತೆಗೆಯುತ್ತಾ ಹೋದೆ. ಐದು ತೆಗೆದಾಗ ಸಾರುವೆ ನಡುಗಿತು. ಏಳನೆಯದಕ್ಕೆ ಚೌಕಗಳೆಲ್ಲ ಒಟ್ಟಿಗೆ ಎಡಕ್ಕೆ ವಾಲಿ, ರಟ್ಟಿನ ಪೆಟ್ಟಿಗೆ ಮಡಚಿದಂತೆ ಪದರ ಪದರವಾಗಿ ನೆಲಕ್ಕೆ ಮಲಗಿತು. ನಮ್ಮ ಆಟದಲ್ಲಿ ಮುರಿದದ್ದು ಕೆಂಪಾಗುತ್ತದೆ, ಗಟ್ಟಿಯಾಗಿರುವುದು ಹಸಿರಾಗಿಯೇ ಉಳಿಯುತ್ತದೆ. ರಾಶಿಯಲ್ಲಿ ಕೋಲುಗಳೆಲ್ಲ ಕೆಂಪು. ಕೀಲುಗಳೆಲ್ಲ ಹಸಿರು.

ಗಂಟಕ್ಕ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು.

"ಹಿಂಗೇ ಬಿದ್ದಿತ್ತು," ಎಂದಳು. "ಹಿಂಗೇ, ಎಡಕ್ಕೆ, ಪದರ ಪದರವಾಗಿ. ಅದರ ಮೇಲೆ ಹತ್ತಿಕೊಂಡು ಹೋಗಿ ಅವನನ್ನ ಹುಡುಕಿದ್ದು ನಾನು." ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ತೆಗೆದೆ?" ಎಂದಳು.

"ಏಳು."

"ಅವರು ಒಂಬತ್ತು ತೆಗೆದಿದ್ರು."

ನಿಮಗೆ ಹೇಗೆ ಗೊತ್ತು ಎಂದೆ. ಅವಳ ದನಿ ಎಂದಿಗಿಂತ ತಗ್ಗಿತ್ತು.

"ಬೀಳೋ ಹಿಂದಿನ ದಿನ ಮುಂಗೋಡೆಗೆ ಕೋಲು ಸಾಲದೆ ಬಂತು. ಯಾರೋ ದೊಡ್ಡೋರು ನೋಡೋಕೆ ಬರ್ತಾರೆ, ಮುಂಗೋಡೆ ಬೇಗ ಮುಗೀಬೇಕು ಅಂತ ಇಂಜಿನಿಯರ್ ಅಪ್ಪನ ತಲೆ ತಿಂತಿದ್ದ. ಮಧ್ಯಾಹ್ನ ಒಂಬತ್ತು ಕೋಲು ಬಂದ್ವು. ಎಲ್ಲದರ ಮೇಲೂ ಹಗ್ಗದ ಗುರುತು. ಹಳೇ ಕೋಲು ಅಂದ್ಕೊಂಡೆ. ನಾನೇ ಕಟ್ಟಿದ್ದ ಕೋಲು ಅವು. ನನ್ನ ತಮ್ಮನ ಕಾಲ ಕೆಳಗಿಂದ ತೆಗೆದ ಕೋಲನ್ನ ನನ್ನ ಕೈಯಲ್ಲೇ ಇನ್ನೊಂದು ಕಡೆ ಕಟ್ಟಿಸಿದ್ರು."

"ತಂದುಕೊಟ್ಟಿದ್ದು ಯಾರು?"

ಅವಳು ಪರದೆಯ ಮೇಲಿನ ರಾಶಿಯನ್ನೇ ನೋಡುತ್ತಿದ್ದಳು. "ಅಪ್ಪ," ಎಂದಳು.

ನಾನು ಹೆದರಿದೆ. ಇದು ಆಟ ಅಕ್ಕಾ, ಗಾಳಿ, ಭಾರ ಎಲ್ಲ ನಾವೇ ಅಂದಾಜಿಗೆ ಹಾಕಿದ್ದು, ಇದನ್ನು ಸಾಕ್ಷಿ ಎಂದು ಯಾರೂ ಒಪ್ಪುವುದಿಲ್ಲ ಎಂದೆ.

"ನನಗೆ ಸಾಕ್ಷಿ ಯಾಕೆ? ಕೋಲು ತಂದುಕೊಟ್ಟೋನು ಬದುಕಿದಾನಲ್ಲ. ನಾಳೆ ರಜೆ. ಆ ಡಬ್ಬ ಹಿಡ್ಕೊಂಡು ನನ್ನ ಜೊತೆ ಬಾ."

ಡಬ್ಬ ಎಂದರೆ ನನ್ನ ಲ್ಯಾಪ್‌ಟಾಪ್. ಹೋಗಬಾರದೆಂದು ಅನ್ನಿಸಿತು, ಆದರೂ ಹೋದೆ.

ಆ ಮನೆ ಒಂದೂವರೆ ಕೋಣೆಯದು. ಬಾಗಿಲಿನ ಬಳಿಯೇ ಹೊಲಿಗೆ ಯಂತ್ರ, ಸುತ್ತ ಶರ್ಟಿನ ಕಾಲರುಗಳ ರಾಶಿ. ತಮ್ಮನ ಹೆಂಡತಿ ಯಂತ್ರದ ಮುಂದೆ ಕೂತಿದ್ದಳು. ತಲೆಯೆತ್ತಿ ನೋಡಿ ಕಾಲು ನಿಲ್ಲಿಸಿದಳು.

"ಯಾಕೆ ಬಂದ್ರಿ?"

"ನಿನ್ನ ನೋಡೋಕಲ್ಲ, ನಿನ್ನ ಮಾವನ್ನ ನೋಡೋಕೆ."

"ಅವರಿಗೆ ಹುಷಾರಿಲ್ಲ."

"ನನಗೂ ಇಲ್ಲ. ಹದಿನಾಲ್ಕು ವರ್ಷದಿಂದ," ಎಂದು ಗಂಟಕ್ಕ ಅವಳನ್ನು ದಾಟಿ ಒಳಗೆ ಹೋದಳು. ನಾನು ತಲೆ ತಗ್ಗಿಸಿಕೊಂಡು ಹಿಂಬಾಲಿಸಿದೆ.

ಮುದುಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೈ ಬಡಕಲು, ಕೈಗಳು ಮಾತ್ರ ಇನ್ನೂ ದೊಡ್ಡವು. ಮಗಳನ್ನು ಕಂಡು ನೆಟ್ಟಗೆ ಕೂರಲು ನೋಡಿದ. ಗಂಟಕ್ಕ ಕಾಲರುಗಳನ್ನು ಬದಿಗೆ ಸರಿಸಿ, ಸ್ಟೂಲ್ ಒಂದನ್ನು ಮಂಚದ ಮುಂದೆ ಎಳೆದಳು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ.

"ಇದು ಏನು ಹೇಳು," ಎಂದಳು.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ. "ಎಡಗೋಡೆ," ಎಂದ.

"ಗಂಟು ಬಿಚ್ಚು. ಯಾವುದು ಬೇಕೋ ತೋರಿಸು, ಇವಳು ಬಿಚ್ಚುತ್ತಾಳೆ. ಯಾವುದು ಜಾರಿದ್ದನ್ನ ನೋಡಿದೆ ನೀನು? ತೋರಿಸು."

ಅವನ ಬೆರಳು ಪರದೆಯ ತನಕ ಬಂದು ನಿಂತಿತು. ಒಂದನ್ನು ತೋರಿಸಿದ. ತೆಗೆದೆ, ನಿಂತಿತು. ಇನ್ನೊಂದನ್ನು ತೋರಿಸಿದ. ನಿಂತಿತು. ಮೂರನೆಯದಕ್ಕೆ ಬೆರಳು ಮುಂದೆ ಬರಲಿಲ್ಲ. ಗಂಟಕ್ಕ ಎಲ್ಲ ಕೀಲುಗಳನ್ನೂ ಮತ್ತೆ ಹಾಕಿಸಿದಳು. ಆಮೇಲೆ ತಾನೇ ಮೌಸ್ ಹಿಡಿದು, ಒಂದು, ಎರಡು ಎಂದು ದೊಡ್ಡದಾಗಿ ಎಣಿಸುತ್ತಾ ಒಂಬತ್ತು ಓರೆಗೋಲುಗಳನ್ನು ತೆಗೆದು ಗುಂಡಿ ಒತ್ತಿದಳು. ದನಿಯಿಲ್ಲದೆ ಸಾರುವೆ ಎಡಕ್ಕೆ ಮಲಗಿತು.

ಮುದುಕ ಮುಖ ತಿರುಗಿಸಿದ.

"ಈ ಒಂಬತ್ತು ಕೋಲು ಎಲ್ಲಿಂದ ತಂದೆ ಅಪ್ಪಾ?"

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು.

"ಎರಡೇ ದಿನದ ಮಾತು ಅಂದ್ಕೊಂಡೆ," ಎಂದ ಮುದುಕ. "ಮುಂಗೋಡೆ ಮುಗಿದ ಮೇಲೆ ವಾಪಸ್ ಹಾಕೋಣ ಅಂತ ಇಂಜಿನಿಯರ್ ಅಂದ. ಲೆಕ್ಕ ಹಾಕಿದೀನಿ, ನಿಲ್ಲುತ್ತೆ ಅಂದ. ಮುಂದಿನ ಕಟ್ಟಡಕ್ಕೂ ನೀನೇ ಮೇಸ್ತ್ರಿ ಅಂದ. ನಾನೂ ನೋಡಿದೆ. ನಿಂತಿತ್ತು."

"ಮೇಲೆ ನಿನ್ನ ಮಗ ಇದ್ದ."

"ನಿಂತಿತ್ತು," ಎಂದ ಮತ್ತೆ.

"ಆಮೇಲೆ ನನ್ನ ಗಂಟು ಅಂದೆ."

"ಕೋಲು ತೆಗೆಸಿದ್ದು ಗೊತ್ತಾದ್ರೆ ನಮ್ಮಿಬ್ಬರಿಗೂ ಜೈಲು ಅಂದ ಆ ಇಂಜಿನಿಯರ್. ಗಂಟು ಅಂದ್ರೆ ಅಪಘಾತ, ಹೆಂಗಸಿಗೆ ಏನೂ ಮಾಡಲ್ಲ, ಕೆಲಸ ಬಿಡಿಸ್ತಾರೆ ಅಷ್ಟೇ ಅಂದ."

"ಅಷ್ಟೇ," ಎಂದಳು ಗಂಟಕ್ಕ.

ಅವಳು ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಗ್ಗಿದಳು, ಮುಖ ಮುಖಕ್ಕೆ ಬರುವ ಹಾಗೆ. "ಅನ್ನ ತಿನ್ನೋ ಕೈಯನ್ನ ದಿನಾ ಅಸಹ್ಯದಿಂದ ನೋಡ್ಕೊಂಡು ಬದುಕಿದೀನಿ. ಸತ್ತುಹೋಗೋಣ ಅಂತ ಎರಡು ಸಲ ನೀರಿನ ತನಕ ಹೋಗಿ ಬಂದಿದೀನಿ. ನಿನಗೆ ಗೊತ್ತಿತ್ತು. ದಿನಾ ಎದ್ದು ಹಲ್ಲು ಉಜ್ಜುವಾಗ ನಿನಗೆ ಗೊತ್ತಿತ್ತು. ಒಂದು ದಿನ, ಹದಿನಾಲ್ಕು ವರ್ಷದಲ್ಲಿ ಒಂದು ದಿನ, ನಡ್ಕೊಂಡು ಬಂದು ಹೇಳೋಕೆ ನಿನ್ನ ಕಾಲು ಬಿದ್ದುಹೋಗಿತ್ತಾ?"

ಮುದುಕ ಅಳಲು ಶುರುಮಾಡಿದ.

"ಅಳಬೇಡ. ನಿನ್ನ ಕಣ್ಣೀರು ನೋಡೋಕೆ ನಾನು ಬಂದಿಲ್ಲ," ಎಂದಳು. ದನಿ ಸೀಳಿತ್ತು.

ಆಗ ತಮ್ಮನ ಹೆಂಡತಿ ಎದ್ದು ಬಂದಳು. ಕೈಯಲ್ಲಿ ಅರ್ಧ ಹೊಲಿದ ಕಾಲರ್ ಹಾಗೇ ಇತ್ತು. ಮೆತ್ತಗೆ ಅಂದಳು: "ಮಾವ, ನಾನು ಇವರನ್ನ ಹೊಸಿಲಿಂದ ಓಡಿಸಿದಾಗ ನೀವು ಇಲ್ಲೇ ಕೂತಿದ್ರಿ."

"ಕೂತಿದ್ದೆ."

"ನಿಮ್ಮ ಮೊಮ್ಮಗಳಿಗೆ, ಸೋದರತ್ತೆ ಮನೆ ಕಡೆ ತಿರುಗಿಯೂ ನೋಡಬೇಡ ಅಂತ ಹೇಳಿಕೊಟ್ಟೆ. ಆಗಲೂ ಕೇಳಿಸಿಕೊಂಡ್ರಿ."

"ಹ್ಞೂಂ."

ಅವಳು ಕಾಲರನ್ನು ಮಡಚಿ ರಾಶಿಯ ಮೇಲಿಟ್ಟಳು. "ಊಟ ಹಾಕ್ತೀನಿ. ಬಟ್ಟೆ ಒಗೆದುಕೊಡ್ತೀನಿ. ಇನ್ನು ನನ್ನ ಜೊತೆ ಮಾತಾಡಬೇಡಿ," ಎಂದು ಹೇಳಿ ಅಡುಗೆಯ ಮೂಲೆಗೆ ಹೋದಳು. ಅಲ್ಲಿಂದ ಪಾತ್ರೆಯೊಂದು ನೆಲಕ್ಕಪ್ಪಳಿಸಿದ ಸದ್ದು ಬಂತು. ಬಿದ್ದದ್ದಲ್ಲ, ಎಸೆದದ್ದು.

ಗಂಟಕ್ಕ ನನ್ನ ಚೀಲದಿಂದ ಕಾಗದ, ಪೆನ್ನು ತೆಗೆಸಿದಳು. ಮುದುಕ ಹೇಳಿದ್ದನ್ನು ಹೇಳಿದಂತೆ ಬರೆದೆ: ಯಾವ ದಿನ, ಯಾರು ಹೇಳಿದರು, ಎಷ್ಟು ಕೋಲು, ವಿಚಾರಣೆಯಲ್ಲಿ ಏನು ಸುಳ್ಳು ಹೇಳಿದ, ಯಾಕೆ. ಅವನು ಸಹಿ ಹಾಕಿದ. ತಮ್ಮನ ಹೆಂಡತಿ ಬಂದು ಸಾಕ್ಷಿಯ ಜಾಗದಲ್ಲಿ ತನ್ನ ಹೆಸರು ಬರೆದಳು. ಕಾಗದ ಹರಿದೀತು ಎನ್ನುವ ಹಾಗೆ ಒತ್ತಿ ಬರೆದಳು. ಗಂಟಕ್ಕ ಹೊರಡುವಾಗ ಅಪ್ಪನ ಕಡೆ ನೋಡಲಿಲ್ಲ.

ದಾರಿಯಲ್ಲಿ ಬಸ್ಸಿಗೆ ಕಾಯುತ್ತಾ ನಾನು ಮೂರ್ಖಳ ಹಾಗೆ, "ಈಗ ಮನಸ್ಸು ಹಗುರಾಯ್ತಾ ಅಕ್ಕಾ?" ಎಂದು ಕೇಳಿದೆ.

"ಹಗುರ?" ಎಂದಳು. "ಇಷ್ಟು ದಿನ ನನ್ನ ಮೇಲೇ ಸಿಟ್ಟಿತ್ತು, ಅದು ಅಭ್ಯಾಸ ಆಗಿತ್ತು. ಇದು ಹೊಸದು. ಮೈಯೆಲ್ಲ ಉರೀತಿದೆ. ನಿನ್ನ ಪಾಡಿಗೆ ನೀನು ಸುಮ್ನೆ ನಿಲ್ಲು."

ಬಸ್ಸು ಬಂತು, ಹತ್ತಿದೆವು.

ಮುಂದಿನ ವಾರ ನಾನು ಆ ಚೀರನ್ನು ಆಟದಿಂದ ಅಳಿಸಿಹಾಕಿದೆ. ಬಾಸ್ ಕೇಳಿದಾಗ ಇನ್ನು ಆ ದನಿ ಕೊಡಲಾರೆ ಎಂದೆ. ನಕ್ಷತ್ರದ ಲೆಕ್ಕವನ್ನೂ ಬದಲಿಸಬೇಕೆಂದು ವಾದಿಸಿದೆ: ಹೆಚ್ಚು ಹೊತ್ತು ನಿಂತದ್ದಕ್ಕೆ ಹೆಚ್ಚು ನಕ್ಷತ್ರ ಕೊಡೋಣ, ಎಲ್ಲ ಗೊಂಬೆಗಳೂ ಕೆಳಗಿಳಿದ ಮೇಲೆ ಗೆದ್ದಂತೆ ಮಾಡೋಣ ಎಂದೆ. ಗೊಂಬೆಗಳು ಇಳಿಯುವುದನ್ನು ಒಪ್ಪಿದರು, ನಕ್ಷತ್ರವನ್ನು ಒಪ್ಪಲಿಲ್ಲ. ಕಡಿಮೆ ಕೋಲಿಗೆ ಹೆಚ್ಚು ನಕ್ಷತ್ರ ಎಂಬುದು ಹಾಗೆಯೇ ಉಳಿಯಿತು. ಆಟ ಹೊರಬಂತು, ಒಂದಷ್ಟು ಜನ ಆಡಿದರು, ಎಲ್ಲರೂ ಮೂರು ನಕ್ಷತ್ರಕ್ಕೇ ಹೊಡೆದಾಡಿದರು. ಅದನ್ನು ಗಂಟಕ್ಕನಿಗೆ ಹೇಳಿದೆ. ಅವಳು ಪೊರಕೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಅಪ್ಪನ ಮನೆಗೆ ಹೋಗಿಬಂದ ನಂತರ ಅವಳು ಆಟ ಆಡಿದ್ದನ್ನು ನಾನು ಕಾಣಲಿಲ್ಲ.

ಅವಳಿಗೆ ಬೇರೆ ಕೆಲಸವಿತ್ತು. ಸಹಿ ಹಾಕಿದ ಕಾಗದದ ಪ್ರತಿಗಳನ್ನು ಮಾಡಿಸಿಕೊಂಡು, ಹಿಂದೆ ತನ್ನಿಂದ ಹಗ್ಗ ಕಿತ್ತುಕೊಂಡ ಮೇಸ್ತ್ರಿಗಳ ಮನೆಗಳಿಗೆ ಒಂದೊಂದಾಗಿ ಹೋದಳು. ಕೆಲವರು ಸತ್ತಿದ್ದರು, ಅವರ ಮಕ್ಕಳಿಗೆ ಓದಿ ಹೇಳಿದಳು. ಒಬ್ಬ ಮೇಸ್ತ್ರಿ, "ಆಗಿದ್ದು ಆಗಿಹೋಯ್ತು, ಈಗ ಕೆದಕಿ ಏನು ಬಂತು," ಎಂದನಂತೆ. ಅವನ ಮನೆಯ ಮುಂದೆ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕಾಗದವನ್ನು ಮೊದಲಿನಿಂದ ಕೊನೆಯ ತನಕ ಎರಡು ಸಲ ಓದಿದಳು. ಇನ್ನೊಬ್ಬ ಎದ್ದು ನಿಂತು ಕ್ಷಮೆ ಕೇಳಿದ. ಅವನಿಗೂ ಬೈದೇ ಬಂದಳು.

ಕಾರ್ಮಿಕರ ಕಚೇರಿಗೆ ಅರ್ಜಿ ಕೊಡಲು ಅವಳ ಜೊತೆ ಹೋದದ್ದು ನಾನಲ್ಲ, ತಮ್ಮನ ಹೆಂಡತಿ. ವರದಿಯನ್ನು ತಿದ್ದಬೇಕು, ಆ ಇಂಜಿನಿಯರನ್ನು ಕರೆಸಬೇಕು ಎಂದು ಬರೆದಿದ್ದರು. ಅವನು ಈಗ ದೊಡ್ಡ ಹುದ್ದೆಯಲ್ಲಿದ್ದ. ಗುಮಾಸ್ತ ಅರ್ಜಿ ತೆಗೆದುಕೊಂಡ, ಮುದ್ರೆ ಒತ್ತಿದ, ಹಳೆಯ ಕಡತ ಸಿಗುತ್ತಿಲ್ಲ ಎಂದ. ಎರಡನೆಯ ಸಲ ಹೋದಾಗ ಅಧಿಕಾರಿ ರಜೆ ಎಂದ. ಮೂರನೆಯ ಸಲ ನಾನೂ ಹೋಗಿದ್ದೆ. ಕಡತ ಸಿಕ್ಕಿದೆ, ಆದರೆ ಇಷ್ಟು ಹಳೆಯದನ್ನು ತೆರೆಯಲು ಮೇಲಿನವರ ಒಪ್ಪಿಗೆ ಬೇಕು, ಅದು ಯಾವಾಗ ಬರುತ್ತದೆಂದು ಹೇಳಲು ಬರುವುದಿಲ್ಲ ಎಂದ ಗುಮಾಸ್ತ.

"ಎಷ್ಟು ಹೊತ್ತಾಗುತ್ತೆ?" ಎಂದಳು ಗಂಟಕ್ಕ.

"ಹೊತ್ತಲ್ಲ ತಾಯಿ. ತಿಂಗಳುಗಳೇ ಆಗಬಹುದು. ಮನೆಗೆ ಹೋಗಿ. ಪತ್ರ ಬರುತ್ತೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಿರುಗಿ ಹೋಗಿ, ಅವನ ಮೇಜಿಗೆ ಎದುರಾಗಿದ್ದ ಉದ್ದ ಬೆಂಚಿನ ನಟ್ಟನಡುವೆ ಕೂತಳು. ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು, ಚೀಲದಿಂದ ಕಾಲರುಗಳ ಕಟ್ಟನ್ನೂ ಸೂಜಿಯನ್ನೂ ತೆಗೆದಳು.

"ಅತ್ತಿಗೆ, ಸ್ವಲ್ಪ ಸರೀರಿ, ಬೆಳಕು ಬೀಳ್ತಿಲ್ಲ," ಎಂದಳು.

ಗಂಟಕ್ಕ ಸರಿದು ಜಾಗ ಮಾಡಿಕೊಟ್ಟಳು. ಆಮೇಲೆ ಗುಮಾಸ್ತನಿಗೆ ಗದರಿ ಹೇಳಿದಳು: "ನೀವು ನಿಮ್ಮ ಕೆಲಸ ಮಾಡಿಕೊಳ್ಳಿ. ನಾವು ಇಲ್ಲೇ ಕೂತಿರ್ತೀವಿ. ನಾಳೆನೂ ಬರ್ತೀವಿ."